ಕೊನೆಯ ಗೂಟ ಮಕ್ಕಳದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆರೆಯ ಮೇಲೆ ಮಂಜು ಕೂತಿದೆ. ದಡದ ಹುಲ್ಲು ಮೈದಾನದಲ್ಲಿ ಐವತ್ತಮೂರು ವರ್ಷದ ಹೆಂಗಸೊಬ್ಬರು ಅಂಬೆಗಾಲಿಡುತ್ತಿದ್ದಾರೆ. ಮಂಡಿಗೆ ಹಳೆಯ ಟ್ಯೂಬಿನ ರಬ್ಬರು ಕಟ್ಟಿದ್ದಾರೆ, ಕೊರಳಿಗೆ ಬಟ್ಟೆಯ ಚೀಲ ನೇತು ಹಾಕಿಕೊಂಡಿದ್ದಾರೆ. ಸ್ವಲ್ಪ ದೂರ ಹೋಗುತ್ತಾರೆ, ನಿಲ್ಲುತ್ತಾರೆ, ಮಗುವಿನ ತಲೆಗೂದಲು ಬಿಡಿಸಿ ನೋಡುವ ಹಾಗೆ ಹುಲ್ಲನ್ನು ಬೆರಳಿನಿಂದ ಬಿಡಿಸಿ ನೋಡುತ್ತಾರೆ. ಚೀಲಕ್ಕೆ ಒಂದು ಮುಳ್ಳು ಬೀಳುತ್ತದೆ. ಆಮೇಲೆ ಬಾಟಲಿಯ ಮುಚ್ಚಳ. ಆಮೇಲೆ ಯಾವ ಕಾಲದ್ದೋ ಒಂದು ತುಕ್ಕು ಹಿಡಿದ ಮೊಳೆ.

ಅಡುಗೆಮನೆಯ ಬಾಗಿಲಲ್ಲಿ ನಿಂತ ಅಡುಗೆಯವನು ಕೂಗುತ್ತಾನೆ: "ಏನಕ್ಕಾ, ಇವತ್ತಾದ್ರೂ ಎದ್ದು ನಡೆಯೋದು ಕಲೀತೀಯೋ, ಇಲ್ಲ ಬಾಟಲಿಗೆ ಹಾಲು ಹಾಕಿ ತರ್ಲೋ?"

"ತಾ ತಾ. ಸಕ್ಕರೆ ಮಾತ್ರ ಇನ್ನೊಬ್ಬರ ಕೈಯಲ್ಲಿ ಹಾಕಿಸು. ನಿನ್ನ ಕೈ ಬಿಗಿ."

ತಲೆ ಎತ್ತದೆಯೇ ಉತ್ತರ ಕೊಡುತ್ತಾರೆ ಗೂಟದಜ್ಜಿ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳ ಕೊಡುವ ಮಾಲೀಕನಿಗೂ ಥಟ್ಟನೆ ನೆನಪಾಗುವುದಿಲ್ಲ. ಇಲ್ಲಿಗೆ ಬರುವ ಮಕ್ಕಳು ಇಟ್ಟ ಹೆಸರೇ ನಿಂತುಬಿಟ್ಟಿದೆ. "ಮೂವತ್ತೈದು ತುಂಬೋ ಹೊತ್ತಿಗೇ ಅಜ್ಜಿ ಆಗ್ಬಿಟ್ಟೆ. ಆಗ ನನ್ನ ಮಗಳಿನ್ನೂ ಲಂಗ ಹಾಕ್ಕೊಂಡು ಕುಂಟಾಬಿಲ್ಲೆ ಆಡ್ತಿದ್ಲು" ಎಂದು ನಗುತ್ತಾರೆ.

ಇದು ಕುಟುಂಬಗಳು ಗುಂಪಾಗಿ ಬಂದು ಎರಡು ದಿನ ಟೆಂಟಿನಲ್ಲಿ ಕಳೆದುಹೋಗುವ ಜಾಗ. ಒಂದೇ ಕಚೇರಿಯವರು, ಒಂದೇ ಬೀದಿಯವರು, ಒಂದೇ ಶಿಶುವಿಹಾರದ ತಂದೆತಾಯಿಯರು ಶನಿವಾರ ಮಧ್ಯಾಹ್ನ ಬರುತ್ತಾರೆ, ಭಾನುವಾರ ಊಟ ಮುಗಿಸಿ ಹೊರಡುತ್ತಾರೆ. ಹನ್ನೆರಡರಿಂದ ಹದಿನೈದು ಟೆಂಟು. ಬರುವ ಮಕ್ಕಳಲ್ಲಿ ಅರ್ಧದಷ್ಟು ಐದು ವರ್ಷದೊಳಗಿನವರು. ಮನೆಯ ಗೋಡೆ, ತನ್ನ ದಿಂಬು, ತನ್ನ ದೀಪ ಬಿಟ್ಟು ಬೇರೆ ಕಡೆ ಮಲಗಿ ಗೊತ್ತಿಲ್ಲದ ಜೀವಗಳು. ಆ ಮಕ್ಕಳಿಗೆ ನೆಲ ಹದ ಮಾಡಿಕೊಡುವುದು ಗೂಟದಜ್ಜಿಯ ಕೆಲಸ. ಜಾಗದ ಚಿತ್ರಗಳಲ್ಲಿ ಕೆರೆ ಇರುತ್ತದೆ, ಬೆಂಕಿಯ ಸುತ್ತ ಕೂತವರು ಇರುತ್ತಾರೆ. ಇವರು ಎಲ್ಲೂ ಇರುವುದಿಲ್ಲ. ಚಿತ್ರ ತೆಗೆಯುವ ಹೊತ್ತಿಗೆ ಇವರು ಯಾವುದೋ ಟೆಂಟಿನ ಹಿಂದೆ ಹಗ್ಗ ಬಿಗಿಯುತ್ತಿರುತ್ತಾರೆ.

ಅಂಬೆಗಾಲು ಏಕೆ ಎಂದರೆ ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸುತ್ತದೆ. "ನಿಂತು ನೋಡಿದ್ರೆ ಬರೀ ಹುಲ್ಲು ಕಾಣುತ್ತೆ. ಮಗು ನಿಂತು ನೋಡುತ್ತಾ? ಅದರ ಮೂಗು ಎಲ್ಲಿರುತ್ತೋ ನನ್ನ ಮೂಗೂ ಅಲ್ಲೇ ಇರಬೇಕು. ಮೊದಮೊದಲು ನಾಚಿಕೆ ಆಗ್ತಿತ್ತು. ಯಾರಾದ್ರೂ ನೋಡಿದ್ರೆ ತಲೆ ಕೆಟ್ಟಿದೆ ಅಂದ್ಕೋತಾರೆ ಅಂತ ಕತ್ತಲಲ್ಲೇ ಮುಗಿಸ್ತಿದ್ದೆ. ಈಗ ಮಂಡಿನೇ ನಾಚಿಕೆ ಬಿಟ್ಟಿದೆ."

ಈ ಶನಿವಾರ ಅವರು ಮೈದಾನವನ್ನು ಎರಡು ಸಲ ಸುತ್ತುತ್ತಾರೆ. ಎರಡನೆಯ ಸುತ್ತು ಕೆರೆಗೆ ಎದುರಾಗಿರುವ, ಒಂಟಿ ಮರದ ಕೆಳಗಿನ ಒಂದೇ ಟೆಂಟಿನ ಸುತ್ತ. ಅದನ್ನು ನಿನ್ನೆ ಸಂಜೆಯೇ ತಾವೇ ನಿಂತು ಹಾಕಿದ್ದಾರೆ. ಎಲ್ಲ ಗೂಟ ಬಿಗಿಯಾಗಿ ಇಳಿದಿವೆ, ಹಗ್ಗಗಳು ತಂತಿಯ ಹಾಗೆ ನಿಂತಿವೆ. ಒಳಗೆ ಎರಡು ಪದರ ಹಾಸು, ಒಗೆದು ಬಿಸಿಲಿಗೆ ಒಣಗಿಸಿದ ಹೊದಿಕೆ, ಮೂಲೆಯಲ್ಲಿ ಒಂದು ಚಿಕ್ಕ ಲಾಂದ್ರ. ಮಧ್ಯಾಹ್ನ ಆ ಟೆಂಟಿಗೆ ಬರುವವರು ಅತಿಥಿಗಳಲ್ಲ. ಅವರ ಮಗಳು, ಮತ್ತೆ ನಾಲ್ಕು ವರ್ಷದ ಮೊಮ್ಮಗಳು.

*

ಗಂಡ ತೀರಿಕೊಂಡಾಗ ಗೂಟದಜ್ಜಿಗೆ ಮೂವತ್ತೊಂದು, ಮಗಳಿಗೆ ಒಂಬತ್ತು. ಈ ಜಾಗದಲ್ಲಿ ಮೊದಲು ಸಿಕ್ಕಿದ್ದು ಹೊದಿಕೆ ಒಗೆಯುವ ಕೆಲಸ. ಶುಕ್ರವಾರ ಸಂಜೆ ಬಂದರೆ ಭಾನುವಾರ ರಾತ್ರಿ ಮನೆಗೆ. ಆಗಿನ ಮಾಲೀಕರು, ಈಗಿನವರ ತಂದೆ, ಕೆಟ್ಟವರಲ್ಲ. ಆದರೆ ಕೆಲಸದವರ ಮಕ್ಕಳು ಮೈದಾನದೊಳಗೆ ಕಾಲಿಡಬಾರದು ಎಂಬ ನಿಯಮ ಇಟ್ಟುಕೊಂಡಿದ್ದರು. ಹಾಗಾಗಿ ವಾರದ ಕೊನೆಯ ಎರಡು ದಿನ ಮಗಳು ಪಕ್ಕದ ಮನೆಯ ದೊಡ್ಡಮ್ಮನ ಸುಪರ್ದಿನಲ್ಲಿ. ಅಮ್ಮ ಇಲ್ಲಿ ಊರ ಮಕ್ಕಳ ಹೊದಿಕೆ ಒಗೆಯುತ್ತಿದ್ದರು.

ಗೂಟದ ಕತೆ ಶುರುವಾದದ್ದು ಎರಡನೆಯ ವರ್ಷ. ಒಂದು ಸಂಜೆ ಮೂರು ವರ್ಷದ ಕೂಸೊಂದು ಟೆಂಟಿನೊಳಗೆ ಬರುವುದಿಲ್ಲ ಎಂದು ಹಟ ಹಿಡಿದು ಅತ್ತು ಮೈದಾನವನ್ನೇ ತಲೆಯ ಮೇಲೆ ಹೊತ್ತಿತ್ತು. ತಾಯಿ ಸೋತಿದ್ದಳು, ತಂದೆ ಕಾರಿನ ಕೀಲಿಕೈ ಹುಡುಕುತ್ತಿದ್ದ. ಹೊದಿಕೆ ಹೊತ್ತುಕೊಂಡು ಆ ದಾರಿಯಲ್ಲಿ ಬಂದ ಇವರ ಕಣ್ಣಿಗೆ, ಟೆಂಟಿನ ಒಂದು ಮೂಲೆಯ ಗೂಟ ಸಡಿಲಾಗಿರುವುದು ಬಿತ್ತು. ಏನು ತೋಚಿತೋ, ಮರದ ಕೊಡತಿಯನ್ನು ಮಗುವಿನ ಕೈಗೆ ಕೊಟ್ಟು, ಅದರ ಕೈ ಮೇಲೆ ತಮ್ಮ ಕೈ ಇಟ್ಟು, "ಹೊಡಿ ನೋಡೋಣ" ಎಂದರು. ಮಗು ಹೊಡೆಯಿತು. ಗೂಟಕ್ಕಿಂತ ನೆಲಕ್ಕೆ ಬಿದ್ದ ಏಟೇ ಹೆಚ್ಚು. ಗೂಟ ಇಳಿದ ಮೇಲೆ ಮಗು ಕಣ್ಣೀರನ್ನು ತೋಳಿಗೆ ಒರೆಸಿಕೊಂಡು, ಯಜಮಾನನ ಹಾಗೆ ಒಳಗೆ ಹೋಗಿ ಮಲಗಿತು.

ಅಂದಿನಿಂದ ಇದೇ ಪದ್ಧತಿ. ಮಕ್ಕಳಿರುವ ಪ್ರತಿ ಟೆಂಟಿನ ಒಂದು ಮೂಲೆಯನ್ನು ಅವರು ಬೇಕೆಂದೇ ಬಿಟ್ಟಿರುತ್ತಾರೆ. ಕೊನೆಯ ಗೂಟ ಆ ಮನೆಯ ಅತ್ಯಂತ ಚಿಕ್ಕವರದು. ಬಡಗಿಯ ಹತ್ತಿರ ಪುಟ್ಟ ಕೈಗಳಿಗೆ ಒಗ್ಗುವ ಹಗುರ ಕೊಡತಿಗಳನ್ನು ಮಾಡಿಸಿಟ್ಟಿದ್ದಾರೆ. "ಕೊನೇ ಗೂಟ ಯಾರು ಹೊಡೀತಾರೋ ಮನೆ ಅವರದ್ದು" ಎನ್ನುವುದು ಈ ಮೈದಾನದ ಕಾಯಿದೆ. ವರ್ಷಗಳ ಹಿಂದೆ ಹಾಗೆ ಗೂಟ ಹೊಡೆದವಳೊಬ್ಬಳು ಕಳೆದ ತಿಂಗಳು ತನ್ನ ಕೂಸನ್ನು ಎತ್ತಿಕೊಂಡು ಬಂದಿದ್ದಳಂತೆ. "ಗುರುತು ಸಿಕ್ತಾ ಅಂದ್ಲು. ಸಿಕ್ತು ಅಂದೆ. ಎಲ್ಲಿ ಸಿಗುತ್ತೆ, ಸುಮ್ನೆ ಅಂದೆ. ಅವಳ ಮುಖ ಅರಳಿತಲ್ಲ, ಸುಳ್ಳಿಗೆ ಬೆಲೆ ಬಂತು."

ಈ ಇಪ್ಪತ್ತೆರಡು ವರ್ಷದ ಕೆಲಸ ಈ ವಾರ ತಕ್ಕಡಿಯಲ್ಲಿದೆ. ಮಗಳು ಈಗ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್. ಹೆರಿಗೆ ವಾರ್ಡಿನ ಉಸ್ತುವಾರಿ ಅವಳಿಗೆ ಬಂದಿದೆ. ಎಷ್ಟೋ ವರ್ಷ ಕಾದದ್ದು. ಆದರೆ ಅದರ ಜೊತೆಗೆ, ಬರುವ ವಾರದಿಂದ, ಶನಿವಾರ ಭಾನುವಾರದ ಡ್ಯೂಟಿಯೂ ಬಂದಿದೆ. ಅಳಿಯ ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ಯಾವಾಗ ಎನ್ನುವುದು ರಸ್ತೆಗೇ ಗೊತ್ತು. ಶಿಶುವಿಹಾರಕ್ಕೆ ಆ ಎರಡು ದಿನ ಬೀಗ. ಉಳಿದಿರುವುದು ಅಜ್ಜಿ. ಅಜ್ಜಿ ಇರುವುದು ಇಲ್ಲಿ.

ಮಗು ಅಜ್ಜಿಯ ಜೊತೆ ಮೈದಾನಕ್ಕೆ ಬಂದು, ಇಲ್ಲಿಯೇ ಮಲಗಿ ಎದ್ದು ಒಗ್ಗಿಕೊಂಡರೆ ಇಬ್ಬರ ಕೆಲಸವೂ ಉಳಿಯುತ್ತದೆ. ಒಗ್ಗದಿದ್ದರೆ ಒಬ್ಬರು ಬಿಡಬೇಕು. ಯಾರು ಎನ್ನುವುದನ್ನು ಗೂಟದಜ್ಜಿ ಆಗಲೇ ಮನಸ್ಸಿನಲ್ಲಿ ತೀರ್ಮಾನಿಸಿಕೊಂಡಿದ್ದಾರೆ. "ಅವಳು ಬಿಡೋದು ಬೇಡ. ನಾನು ಬಿಡ್ತೀನಿ" ಎನ್ನುವಾಗ ಅವರ ಕೈ, ಕೆಲಸವಿಲ್ಲದಿದ್ದರೂ, ಪಕ್ಕದ ಹಗ್ಗವನ್ನು ಒಮ್ಮೆ ಎಳೆದು ನೋಡುತ್ತದೆ.

ಈಗಿನ ಮಾಲೀಕ ಹುಡುಗನಾಗಿದ್ದಾಗ ಇವರ ಹಿಂದೆ ಹಿಂದೆಯೇ ಓಡಾಡಿದವನು. "ಕರ್ಕೊಂಡು ಬನ್ನಿ ಅಮ್ಮ, ಅಪ್ಪನ ಕಾಲದ ನಿಯಮ ಅಪ್ಪನ ಜೊತೇನೇ ಹೋಯ್ತು" ಎಂದಿದ್ದಾನೆ. ಮಗಳು ಮಾತ್ರ ಒಂದು ಷರತ್ತು ಹಾಕಿದ್ದಾಳೆ: ಮೊದಲ ಸಲ ತಾನೂ ಬರುತ್ತೇನೆ. ಮಗು ಅತ್ತರೆ, ಹಾಲು ತರುವ ವ್ಯಾನು ಸಂಜೆ ಏಳೂವರೆಗೆ ಪೇಟೆಗೆ ವಾಪಸ್ ಹೋಗುತ್ತದಲ್ಲ, ಅದರಲ್ಲಿ ಕೂರಿಸಿಕೊಂಡು ಹೊರಡುತ್ತೇನೆ. ಮತ್ತೆ ಈ ಮಾತು ಎತ್ತಬಾರದು.

*

ಮೊಮ್ಮಗಳನ್ನು ಅಜ್ಜಿ ಕರೆಯುವುದು 'ಮೆಣಸು' ಎಂದು. ಗಾತ್ರ ಸಣ್ಣದು, ಘಾಟು ಜಾಸ್ತಿ. ವ್ಯಾನಿನಿಂದ ಇಳಿದವಳೇ ಮೈದಾನವನ್ನು ಆಚೆಯಿಂದ ಈಚೆಗೆ ನೋಡಿ, "ಇದಕ್ಕೆ ಬಾಗಿಲು ಎಲ್ಲಿ?" ಎಂದು ಕೇಳುತ್ತಾಳೆ.

"ಬಾಗಿಲು ಇಲ್ಲ ಕಂದ."

"ಮತ್ತೆ ಕಳ್ಳರು?"

"ಕಳ್ಳರಿಗೆ ನಿನ್ನ ವಿಷಯ ಹೇಳಿದೀನಿ. ಹೆದ್ರಿಕೊಂಡಿದಾರೆ."

ಮಗಳು ನಗುವುದಿಲ್ಲ. ಚೀಲ ಹೆಗಲಿಗೇರಿಸಿಕೊಂಡು ಸುತ್ತ ನೋಡುತ್ತಾಳೆ. ಅಮ್ಮನನ್ನು ವಾರ ವಾರ ತನ್ನಿಂದ ಕಿತ್ತುಕೊಂಡ ಜಾಗಕ್ಕೆ ಅವಳು ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ಬಂದಿದ್ದಾಳೆ. "ಇಷ್ಟೇನಾ?" ಎನ್ನುತ್ತಾಳೆ. "ನಾನು ಏನೇನೋ ಅಂದ್ಕೊಂಡಿದ್ದೆ." ಚಿಕ್ಕವಳಿದ್ದಾಗ ಅವಳ ಕಲ್ಪನೆಯಲ್ಲಿ ಇಲ್ಲೊಂದು ದೊಡ್ಡ ಬಂಗಲೆ ಇತ್ತಂತೆ, ಅದರ ತುಂಬ ಅಮ್ಮನ ಮಡಿಲಲ್ಲಿ ಕೂತ ಬೇರೆಯವರ ಮಕ್ಕಳು. ನೋಡಿದರೆ ಹುಲ್ಲು, ನೀರು, ಒಂದು ತಗಡಿನ ಅಡುಗೆಮನೆ.

ಗೂಟದಜ್ಜಿ ಅವರನ್ನು ಮರದ ಕೆಳಗಿನ ಟೆಂಟಿಗೆ ಕರೆದುಕೊಂಡು ಹೋಗುತ್ತಾರೆ. ಜಿಪ್ಪು ಎಳೆದು ಒಳಗನ್ನು ತೋರಿಸುವಾಗ ಅವರ ಮುಖದಲ್ಲಿ, ಮಗಳ ಮದುವೆಯ ಮನೆ ತೋರಿಸುವ ತಾಯಿಯ ಸಂಭ್ರಮ. "ನೋಡು, ಮಲಗಿದ್ರೆ ಕೆರೆ ಕಾಣುತ್ತೆ. ಈ ಜಾಗ ಯಾರಿಗೂ ಕೊಡಲ್ಲ ನಾನು. ಕೇಳ್ತಾರೆ, ಏನೋ ಒಂದು ನೆಪ ಹೇಳ್ತೀನಿ." ಮಗಳು ಬಗ್ಗಿ ನೋಡುತ್ತಾಳೆ, ಹೊದಿಕೆಯ ಮೇಲೆ ಕೈ ಆಡಿಸುತ್ತಾಳೆ. "ಚೆನ್ನಾಗಿದೆ" ಎನ್ನುತ್ತಾಳೆ. ಅಷ್ಟೇ.

ಎರಡು ಗಂಟೆಯ ಹೊತ್ತಿಗೆ ಕುಟುಂಬಗಳು ಬಂದಿಳಿಯುತ್ತವೆ. ಮೈದಾನಕ್ಕೆ ಜೀವ ಬರುತ್ತದೆ. ದೀಪ ಎಲ್ಲಿ, ಶೌಚಾಲಯ ಎಲ್ಲಿ, ಹಾವಿದೆಯಾ, ಮೊಬೈಲಿಗೆ ಚಾರ್ಜ್ ಹಾಕುವುದೆಲ್ಲಿ. ಗೂಟದಜ್ಜಿ ಪುಟ್ಟ ಕೊಡತಿಗಳ ಬುಟ್ಟಿ ಹಿಡಿದು ಟೆಂಟಿನಿಂದ ಟೆಂಟಿಗೆ ಹೋಗುತ್ತಾರೆ. ಪಕ್ಕದ ಟೆಂಟಿನಲ್ಲಿ ಗುಂಗುರು ಕೂದಲಿನ ಒಂದು ಪಾಪು, ಮಾತು ಇನ್ನೂ ಸರಿಯಾಗಿ ಬಾರದ್ದು, ಕೊಡತಿಯನ್ನು ಎರಡೂ ಕೈಯಲ್ಲಿ ಎತ್ತಿ ಅಪ್ಪನ ಹೆಬ್ಬೆರಳಿಗೇ ಒಂದು ಬಿಗಿಯುತ್ತದೆ. ಅಪ್ಪ ಕೈ ಕೊಡವಿಕೊಂಡು ಕುಣಿಯುತ್ತಾನೆ. ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಗೂಟ ಇಳಿಯುತ್ತದೆ. "ಯಾರ ಮನೆ ಇದು?" ಎಂದು ಗೂಟದಜ್ಜಿ ಕೂಗುತ್ತಾರೆ. ಪಾಪು ಎದೆ ತಟ್ಟಿಕೊಳ್ಳುತ್ತದೆ.

ಮೆಣಸು ಅಜ್ಜಿಯ ಬಟ್ಟೆಯ ಚುಂಗು ಹಿಡಿದುಕೊಂಡು ಎಲ್ಲವನ್ನೂ ನೋಡುತ್ತಾಳೆ. ಏಳನೆಯ ಟೆಂಟಿನ ಹತ್ತಿರ ಮೆಲ್ಲಗೆ ಕೇಳುತ್ತಾಳೆ: "ಅಜ್ಜಿ, ನಂದು?"

"ನಿಂದು ಆಗ್ಲೇ ರೆಡಿ ಚಿನ್ನ. ಅರಮನೆ ಥರ ಇದೆಯಲ್ಲ!"

ಮೆಣಸು ಚುಂಗು ಬಿಡುತ್ತಾಳೆ. ಅಜ್ಜಿಯ ಗಮನ ಎಂಟನೆಯ ಟೆಂಟಿನ ಮೇಲೆ.

*

"ಮಕ್ಕಳು ರಾತ್ರಿ ಅಳಲ್ಲ" ಎನ್ನುತ್ತಾರೆ ಗೂಟದಜ್ಜಿ. "ಎಲ್ಲರೂ ರಾತ್ರಿಗೆ ಹೆದರ್ತಾರೆ. ಅಳು ಬರೋದು ಮುಸ್ಸಂಜೆಗೆ. ಬೆಳಕೂ ಅಲ್ಲ, ಕತ್ತಲೂ ಅಲ್ಲ, ಆಗ ಮನೆ ನೆನಪಾಗುತ್ತೆ. ದೊಡ್ಡವರಿಗೂ ಆಗುತ್ತೆ, ನಾವು ಟೀ ಕುಡಿದು ನುಂಗಿಕೋತೀವಿ." ಅದಕ್ಕೇ ಅವರು ಕತ್ತಲಾಗುವ ಮೊದಲೇ ಲಾಂದ್ರಗಳನ್ನು ಹಚ್ಚುತ್ತಾರೆ. ಪ್ರತಿ ಮಗುವಿಗೂ ಒಂದೊಂದು ಕೆಲಸ ಹಚ್ಚುತ್ತಾರೆ: ಒಬ್ಬಳು ಚಮಚ ಎಣಿಸಬೇಕು, ಒಬ್ಬ ಸೌದೆ ಚೂರು ಆಯಬೇಕು, ಒಬ್ಬಳು ಅಡುಗೆಯವನು ಸೂಪು ಕದ್ದು ಕುಡಿಯುತ್ತಾನೋ ಎಂದು ಕಾವಲು ಕಾಯಬೇಕು. ಕಾವಲಿನ ಕೆಲಸಕ್ಕೆ ಈ ಸಲ ಮೆಣಸು. ಅವಳು ಅಡುಗೆಯವನನ್ನು ಎರಡು ಸಲ ಹಿಡಿದು ಕೊಡುತ್ತಾಳೆ. "ಅಜ್ಜಿಗೆ ತಕ್ಕ ಮೊಮ್ಮಗಳು" ಎಂದು ಅವನು ಗೊಣಗುತ್ತಾನೆ.

ಎಲ್ಲ ಸರಿಯಾಗಿಯೇ ಇದೆ. ಊಟವಾಗುತ್ತದೆ. ಅತಿಥಿಗಳ ಮಕ್ಕಳು ಒಬ್ಬೊಬ್ಬರೇ ತಮ್ಮ ತಮ್ಮ ಟೆಂಟಿಗೆ ನುಗ್ಗುತ್ತಾರೆ. ಮೆಣಸು ತನ್ನ ಟೆಂಟಿನ ಮುಂದೆ ಬಂದು ನಿಂತುಬಿಡುತ್ತಾಳೆ.

"ಬಾ ಒಳಗೆ" ಎನ್ನುತ್ತಾಳೆ ಅಮ್ಮ.

"ಬೇಡ. ಮನೆಗೆ ಹೋಗೋಣ."

ಗೂಟದಜ್ಜಿ ಲಾಂದ್ರ ಹಚ್ಚಿ ಒಳಗಿಡುತ್ತಾರೆ. ಟೆಂಟು ಹಳದಿ ಹೂವಿನ ಹಾಗೆ ಅರಳುತ್ತದೆ. ಮೆಣಸು ನೋಡುತ್ತಾಳೆ, ಕಾಲು ಎತ್ತುವುದಿಲ್ಲ. ಬಿಸಿ ಹಾಲು ಬರುತ್ತದೆ, ತಣ್ಣಗಾಗುತ್ತದೆ. ಅಜ್ಜಿ ಒಳಗೆ ಹೋಗಿ ಕೂತು, ಕರಡಿಯ ಕತೆಯನ್ನು ಹೊರಗೆ ಕೇಳಿಸುವ ಹಾಗೆ ಶುರು ಮಾಡುತ್ತಾರೆ. ಮೆಣಸು ಹೊರಗೇ ನಿಂತು ಕತೆ ಕೇಳಿ, ಮುಗಿದ ಮೇಲೆ, "ಆಯ್ತು, ಈಗ ಮನೆಗೆ" ಎನ್ನುತ್ತಾಳೆ. ತುಟಿ ನಡುಗಲು ಶುರುವಾಗಿದೆ. ಮುಂದಿನದನ್ನು ಅಜ್ಜಿ ಬಲ್ಲರು. ಅಳು ಬರುತ್ತದೆ, ಸಣ್ಣದಾಗಿ, ತನ್ನಷ್ಟಕ್ಕೆ, ಯಾರನ್ನೂ ಕರೆಯದ ಅಳು.

ದೂರದಲ್ಲಿ ಹಾಲಿನ ವ್ಯಾನಿಗೆ ಕ್ಯಾನುಗಳನ್ನು ಏರಿಸುವ ಸದ್ದು. ಮಗಳು ಚೀಲಕ್ಕೆ ಮಗುವಿನ ಸ್ವೆಟರು ತುಂಬತೊಡಗುತ್ತಾಳೆ. ಅವಳ ಮುಖದಲ್ಲಿ ಕೋಪವಿಲ್ಲ. ಅದೇ ಗೂಟದಜ್ಜಿಗೆ ಹೆಚ್ಚು ಕಷ್ಟವಾಗುತ್ತದೆ. ಸಾವಿರ ಮಕ್ಕಳನ್ನು ಮಲಗಿಸಿದ ನೆಲದಲ್ಲಿ ತನ್ನ ಕರುಳಿನ ಕುಡಿಗೆ ಮಾತ್ರ ನಿದ್ದೆ ಬಾರದು. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ, ಹಾಗಾಯ್ತು ನನ್ನ ಕತೆ" ಎಂದು ಆಮೇಲೆ ಅವರು ನೆನಪಿಸಿಕೊಂಡು ನಗುತ್ತಾರೆ. ಆ ಗಳಿಗೆಯಲ್ಲಿ ನಗು ಇರಲಿಲ್ಲ. ಬರುವ ವಾರದಿಂದ ಶನಿವಾರ ಬೆಳಗ್ಗೆ ಏಳುವುದು ಎಲ್ಲಿಗೆ, ಯಾವ ನೆಲ ನೋಡುವುದಕ್ಕೆ ಎನ್ನುವುದೊಂದೇ ತಲೆಯಲ್ಲಿತ್ತು.

ಮೊಮ್ಮಗಳ ಮುಂದೆ ಅವರು ಮಂಡಿಯೂರುತ್ತಾರೆ. "ಯಾಕೆ ಚಿನ್ನ? ಹೆದರಿಕೆನಾ?"

"ಇಲ್ಲ."

"ಚಳಿನಾ?"

"ಇಲ್ಲ." ಮೆಣಸು ಮೂಗು ಎಳೆದುಕೊಂಡು ಪಕ್ಕದ ಟೆಂಟಿನ ಕಡೆ ಬೆರಳು ಮಾಡುತ್ತಾಳೆ. "ಅದು ಪಾಪು ಮನೆ. ಪಾಪು ಹೊಡೆದಿದ್ದು. ಇದು ಯಾರು ಹೊಡೆದಿದ್ದು?"

"ನಾನೇ ಕಣೇ ಹೊಡೆದಿದ್ದು. ನಿನಗೋಸ್ಕರ."

"ಹಾಗಾದ್ರೆ ಇದು ನಿನ್ನ ಮನೆ. ನಂದಲ್ಲ."

ಚೀಲದ ಜಿಪ್ಪು ಎಳೆಯುತ್ತಿದ್ದ ಮಗಳ ಕೈ ನಿಲ್ಲುತ್ತದೆ. ಅವಳು ತಿರುಗಿ ಟೆಂಟನ್ನು ನೋಡುತ್ತಾಳೆ: ಒಂದೂ ಸಡಿಲವಿಲ್ಲದ ಹಗ್ಗಗಳು, ಮೂಲೆ ಮೂಲೆಗೂ ಇಳಿದ ಗೂಟಗಳು. ಆಮೇಲೆ ಅಮ್ಮನನ್ನು ನೋಡುತ್ತಾಳೆ.

"ಒಂದೂ ಬಿಟ್ಟಿಲ್ವಲ್ಲಮ್ಮ ನೀನು" ಎನ್ನುತ್ತಾಳೆ. ದನಿ ಮೆತ್ತಗಿದೆ. "ಯಾವಾಗಲೂ ಹೀಗೇ ನೀನು. ಶುಕ್ರವಾರ ಹೊರಡೋ ಮುಂಚೆ ಎಲ್ಲ ಮುಗಿಸಿಟ್ಟಿರ್ತಿದ್ದೆ. ಎರಡು ದಿನದ ಬಟ್ಟೆ ಮಡಿಸಿ ಇಟ್ಟಿರ್ತಿದ್ದೆ, ನೀರು ತುಂಬಿಸಿರ್ತಿದ್ದೆ, ಪೆನ್ಸಿಲ್ಲೂ ಚೂಪು ಮಾಡಿಟ್ಟಿರ್ತಿದ್ದೆ. ಪಾಪ, ಮಗುಗೆ ಕಷ್ಟ ಆಗಬಾರದು ಅಂತ. ನಂಗೆ ಮಾಡೋಕೆ ಏನೂ ಇರ್ತಿರಲಿಲ್ಲ. ನೀನೂ ಇರ್ತಿರಲಿಲ್ಲ. ಕೂತು ಕೂತು ಪೆನ್ಸಿಲ್ ಮೊನೆ ಮುರೀತಿದ್ದೆ, ಮತ್ತೆ ಚೂಪು ಮಾಡೋಣ ಅಂತ."

ಗೂಟದಜ್ಜಿಗೆ ಆ ಪೆನ್ಸಿಲುಗಳು ನೆನಪಿವೆ. ಎಷ್ಟು ಬೇಗ ಸವೆಯುತ್ತವೆ ಎಂದು ಬೈದದ್ದೂ ನೆನಪಿದೆ. ಅವರು ಎದ್ದು, ಒಳಗಿನ ಲಾಂದ್ರವನ್ನು ತೆಗೆದು ಹೊರಗಿಟ್ಟು, ಟೆಂಟಿನ ಹಿಂದಕ್ಕೆ ಹೋಗಿ, ಮೊದಲ ಗೂಟವನ್ನು ಕೀಳುತ್ತಾರೆ. ಆಮೇಲೆ ಎರಡನೆಯದನ್ನು.

"ಅಮ್ಮಾ, ಏನ್ ಮಾಡ್ತಿದೀಯಾ? ಒಂದು ಕಿತ್ತು ಕೊಟ್ರೆ ಸಾಕು."

"ಒಂದು ಸಾಲಲ್ಲ" ಎನ್ನುತ್ತಾರೆ ಗೂಟದಜ್ಜಿ. "ನೀವಿಬ್ರಿದೀರ."

ಕೊನೆಯ ಗೂಟ ಕೀಳುತ್ತಿದ್ದ ಹಾಗೆ ಅರಮನೆ ನಿಟ್ಟುಸಿರು ಬಿಟ್ಟು ನೆಲಕ್ಕೆ ಕುಸಿಯುತ್ತದೆ. ಮೆಣಸಿನ ಅಳು ಅರ್ಧದಲ್ಲೇ ನಿಲ್ಲುತ್ತದೆ. ಕಣ್ಣಲ್ಲಿ ನೀರು ಇರುವಾಗಲೇ ಅವಳು ಕಿಲಕಿಲ ನಗತೊಡಗುತ್ತಾಳೆ. "ಬಿತ್ತು! ಅಜ್ಜಿ ಮನೆ ಬಿತ್ತು!"

ವ್ಯಾನಿನ ಚಾಲಕ ಹಾರನ್ ಹೊಡೆಯುತ್ತಾನೆ. ಮಗಳು ಆ ಕಡೆ ನೋಡುತ್ತಾಳೆ, ಕೆಳಗೆ ಬಿದ್ದಿರುವ ಬಟ್ಟೆಯ ರಾಶಿಯನ್ನು ನೋಡುತ್ತಾಳೆ. "ನೀವು ಹೋಗಿ ಅಣ್ಣಾ" ಎಂದು ಕೂಗುತ್ತಾಳೆ. ತೋಳಿನ ಬಟ್ಟೆ ಮೇಲೇರಿಸಿಕೊಂಡು ದೊಡ್ಡ ಕೊಡತಿ ಎತ್ತಿಕೊಳ್ಳುತ್ತಾಳೆ. "ಏನೇ ಮೆಣಸು, ಎಲ್ಲಿಂದ ಶುರು ಮಾಡೋಣ?"

*

ಆಮೇಲಿನ ಅರ್ಧ ಗಂಟೆ ಗೂಟದಜ್ಜಿಯ ವೃತ್ತಿಜೀವನದಲ್ಲೇ ಕಷ್ಟದ ಅರ್ಧ ಗಂಟೆ. ಅವರಿಗೆ ಕಲ್ಲಿನ ಮೇಲೆ ಲಾಂದ್ರ ಹಿಡಿದು ಕೂರುವ ಕೆಲಸ, ಅದೂ ಬಾಯಿ ಮುಚ್ಚಿಕೊಂಡು. ಕಣ್ಣ ಮುಂದೆಯೇ ಕಂಬಿ ತಲೆಕೆಳಗಾಗಿ ತೂರುತ್ತದೆ. ಗೂಟ ಹೊರಗೆ ವಾಲುವ ಬದಲು ಒಳಗೆ ವಾಲುತ್ತದೆ. ಹೆರಿಗೆ ವಾರ್ಡಿನ ಉಸ್ತುವಾರಿ ಹಗ್ಗಕ್ಕೆ ಹಾಕುವ ಗಂಟು ಬ್ಯಾಂಡೇಜಿಗೆ ಹಾಕುವ ಗಂಟು.

"ಅದು ಹಂಗಲ್ಲ..." ಎಂದು ಬಾಯಿ ತೆರೆಯುತ್ತಾರೆ.

"ಅಮ್ಮ!"

"ಇಲ್ಲ, ನಾನೇನೂ ಹೇಳಲಿಲ್ಲ."

ಪಾತ್ರೆ ತೊಳೆದು ಬಂದ ಅಡುಗೆಯವನು ಟೆಂಟನ್ನು ನೋಡಿ ಗಲ್ಲಕ್ಕೆ ಕೈ ಕೊಡುತ್ತಾನೆ. ಒಂದು ಪಕ್ಕ ಉಬ್ಬಿದೆ, ಇನ್ನೊಂದು ಪಕ್ಕ ಕುಗ್ಗಿದೆ, ತುದಿ ಕೆರೆಯ ಕಡೆಗೆ ಬಾಗಿ ನೀರು ಕುಡಿಯಲು ಹೊರಟ ಎಮ್ಮೆಯಂತಿದೆ. "ಅಕ್ಕಾ, ಗೂಟದಜ್ಜಿ ಮೈದಾನದಲ್ಲಿ ಇಂಥ ಸೊಟ್ಟ ಟೆಂಟಾ? ಮಾನ ಹೋಯ್ತು ನಮ್ದು! ಆ ಹಗ್ಗ ಸ್ವಲ್ಪ ಎಳೀಲಾ?"

"ಮುಟ್ಟಿದ್ರೆ ಕೈ ಮುರೀತೀನಿ" ಎನ್ನುತ್ತಾರೆ ಗೂಟದಜ್ಜಿ.

ಕೊನೆಯದಾಗಿ ಎರಡು ಗೂಟ ಉಳಿಯುತ್ತವೆ. ಮೆಣಸು ತನ್ನದನ್ನು ನಾಲಗೆ ಹೊರಗೆ ಹಾಕಿಕೊಂಡು, ಉಸಿರು ಬಿಗಿಹಿಡಿದು, ಕಲ್ಲು ಒಡೆಯುವವರ ಹಾಗೆ ಹೊಡೆಯುತ್ತಾಳೆ. ಮುಗಿದ ಮೇಲೆ ಕೊಡತಿಯನ್ನು ಅಮ್ಮನಿಗೆ ಕೊಟ್ಟು, "ಈಗ ನೀನು. ಹೆದರಬೇಡ, ನಾನು ಹಿಡ್ಕೋತೀನಿ" ಎಂದು ಅವಳ ಮುಂಗೈ ಮೇಲೆ ತನ್ನ ಪುಟ್ಟ ಅಂಗೈ ಇಡುತ್ತಾಳೆ. ಮಗಳು ಹೊಡೆಯುತ್ತಾಳೆ. ಒಂದೇಟಿಗೆ ಇಳಿಸಬಹುದಾದದ್ದನ್ನು ನಿಧಾನವಾಗಿ, ಮೆಲ್ಲ ಮೆಲ್ಲಗೆ ಹೊಡೆಯುತ್ತಾಳೆ. ಲಾಂದ್ರ ಹಿಡಿದ ಗೂಟದಜ್ಜಿ ಕೆರೆಯ ಕಡೆ ಮುಖ ತಿರುಗಿಸುತ್ತಾರೆ. ಕೇಳಿದರೆ, ಹೊಗೆ ಬಂತು ಎನ್ನುತ್ತಾರೆ. ಬೆಂಕಿ ಉರಿಯುತ್ತಿದ್ದದ್ದು ಮೈದಾನದ ಆ ತುದಿಯಲ್ಲಿ.

"ಯಾರ ಮನೆ ಇದು?" ಎಂದು ಕೇಳುವುದನ್ನು ಮಾತ್ರ ಅವರು ಮರೆಯುವುದಿಲ್ಲ.

"ನಮ್ದು" ಎಂಬ ಉತ್ತರ ಎರಡು ದನಿಯಲ್ಲಿ ಬರುತ್ತದೆ.

ಭಾನುವಾರ ಬೆಳಗ್ಗೆ ಆ ಟೆಂಟು ಇನ್ನಷ್ಟು ಬಾಗಿದೆ, ಆದರೆ ಬಿದ್ದಿಲ್ಲ. ಜಿಪ್ಪು ಒಳಗಿನಿಂದ ತೆರೆದುಕೊಳ್ಳುತ್ತದೆ. ಕೆದರಿದ ತಲೆಯ ಮೆಣಸು ಹೊರಗೆ ಇಣುಕಿ, ಒದ್ದೆ ಹುಲ್ಲನ್ನು ಕಾಲ್ಬೆರಳಿನಿಂದ ಮುಟ್ಟಿ ನೋಡಿ, ಅಡುಗೆಮನೆಯ ಕಡೆಗೆ ಓಡುತ್ತಾಳೆ. ನಿನ್ನೆಯ ಕಾವಲಿನ ಕೆಲಸ ಬಾಕಿಯಿದೆ. ಅವಳ ಅಮ್ಮ ಏಳುವುದು ಬಿಸಿಲು ಏರಿದ ಮೇಲೆ. ವಾರ್ಡಿನ ಗಡಿಯಾರಕ್ಕೆ ಒಗ್ಗಿದ ಅವಳು ಹೀಗೆ ಹೊತ್ತೇರುವವರೆಗೆ ಮಲಗಿದ್ದು ಯಾವಾಗ ಎಂದು ಅವಳಿಗೇ ತಿಳಿಯದು. ಹೊರಗೆ ಬಂದವಳ ಕೆನ್ನೆಯ ಮೇಲೆ ಹೊದಿಕೆಯ ಗೆರೆ ಮೂಡಿದೆ. ಆ ಹೊತ್ತಿನಲ್ಲಿ ಅವಳು ವಾರ್ಡಿನ ಉಸ್ತುವಾರಿಯ ಹಾಗೆ ಕಾಣುವುದಿಲ್ಲ. ಗೂಟದಜ್ಜಿ ಒಂದು ಲೋಟ ಬಿಸಿ ಹಾಲು ತಂದು ಅವಳ ಪಕ್ಕ ಇಟ್ಟು, ಕುಡಿ ಎಂದೂ ಹೇಳದೆ ಕೆಲಸಕ್ಕೆ ಹೋಗುತ್ತಾರೆ.

ಊಟದ ನಂತರ ಮೈದಾನ ಖಾಲಿಯಾಗತೊಡಗುತ್ತದೆ. ಟೆಂಟುಗಳು ಒಂದೊಂದಾಗಿ ಮಡಿಕೆಯಾಗಿ ಚೀಲ ಸೇರುತ್ತವೆ. ಗುಂಗುರು ಕೂದಲಿನ ಪಾಪು ಕಾರಿನ ಕಿಟಕಿಯಿಂದ ಕೈ ಬೀಸುತ್ತದೆ. ಮಗಳಿಗೂ ಮೊಮ್ಮಗಳಿಗೂ ಪೇಟೆಯವರೆಗೆ ಹೋಗಲು ಮಾಲೀಕನೇ ತನ್ನ ಗಾಡಿ ತೆಗೆದಿದ್ದಾನೆ. ಮಗಳು ಚೀಲ ಒಳಗಿಟ್ಟು, ಬಾಗಿಲು ಹಾಕಿ, ಏನೋ ಮರೆತವಳ ಹಾಗೆ ಗಾಜು ಇಳಿಸುತ್ತಾಳೆ. ಹೌದು ಎಂದಾಗಲಿ, ಕ್ಷಮಿಸಿದೆ ಎಂದಾಗಲಿ ಈ ಮನೆಯ ಹೆಂಗಸರು ನೇರವಾಗಿ ಹೇಳಿದ್ದಿಲ್ಲ.

"ಬರೋ ಶನಿವಾರ ದಪ್ಪ ಸ್ವೆಟರ್ ಹಾಕಿ ಕಳಿಸ್ತೀನಿ. ಬೆಳಗಿನ ಜಾವ ಇಲ್ಲಿ ಥಂಡಿ ಜಾಸ್ತಿ" ಎನ್ನುತ್ತಾಳೆ. "ಮತ್ತೆ ಅವಳ ಹಾಸಿಗೆ ಅವಳೇ ಹಾಸ್ಕೊಳ್ಲಿ. ನೀನು ಹಾಸಬೇಡ."

"ಹಾಸಲ್ಲ."

"ಹಾಸ್ತೀಯ. ನಂಗೊತ್ತು."

ಗಾಡಿ ತಿರುವು ದಾಟುವವರೆಗೆ ಗೂಟದಜ್ಜಿ ನಿಂತಿರುತ್ತಾರೆ. ಆಮೇಲೆ ಒದ್ದೆ ಹೊದಿಕೆಗಳನ್ನು ಹಗ್ಗಕ್ಕೆ ಎಸೆಯತೊಡಗುತ್ತಾರೆ. ಬರುವ ವಾರ ಹದಿಮೂರು ಟೆಂಟಂತೆ. ಅಡುಗೆಯವನು, ಇಷ್ಟೆಲ್ಲ ಪಾಡು ಪಟ್ಟದ್ದು ನಾಳೆ ಆ ಮಗುವಿಗೆ ನೆನಪಾದರೂ ಇರುತ್ತದೆಯೇ ಎಂದು ಕೇಳುತ್ತಾನೆ.

"ನಾಲ್ಕು ವರ್ಷದ್ದು ಯಾರಿಗೆ ನೆನಪಿರುತ್ತೆ? ಅವಳಿಗೇನೂ ಇರಲ್ಲ, ಬಿಡು" ಎನ್ನುತ್ತಾರೆ ಅವರು, ಹೊದಿಕೆಯ ಮಡಿಕೆಯನ್ನು ಜಾಡಿಸಿ ನೇರ ಮಾಡುತ್ತಾ. "ಅವರಮ್ಮಂಗೆ ಇದ್ರೆ ಸಾಕು."